ಗಣಿಯ ಸುತ್ತಲಿನ ನೀರು ಮತ್ತು ನಮ್ಮ ಆರೋಗ್ಯ

ಬೆಳಗಿನ ಪೂಜೆಗೆ ಅಗ್ಘವಣಿ ತರುವವರು ನೀರನ್ನು ಬಟ್ಟೆಯಲ್ಲಿ ಸೋಸಿಯೇ ತರಬೇಕೆಂಬುದು ನಮ್ಮ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆ ಬಟ್ಟೆಯಲ್ಲಿ ಕಸಕಡ್ಡಿ ನಿಲ್ಲುತ್ತದೆ, ಹುಳ ನಿಲ್ಲುತ್ತದೆ, ಸ್ವಲ್ಪಮಟ್ಟಿಗೆ ಮಣ್ಣೂ ನಿಲ್ಲುತ್ತದೆ. ಆದರೆ ನೀರಿನಲ್ಲಿ ಕರಗಿರುವುದು ಯಾವ ಬಟ್ಟೆಗೂ ಸಿಕ್ಕುವುದಿಲ್ಲ. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ, ಮೂಗಿಗೆ ಬಾರದ ಈ ಅಂಶಗಳ ಕುರಿತೇ ಈ ತಿಂಗಳ ಲೇಖನ.

ಇದನ್ನು ಬರೆಯಲು ಒಂದು ಕಾರಣವುಂಟು. ಕೆಲವು ತಿಂಗಳ ಹಿಂದೆ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ಕರೋಶಿಯ ಕಡೆಯ ಭಕ್ತರೊಬ್ಬರು ಪಕ್ಕಕ್ಕೆ ಬಂದು, ಜೇಬಿನಿಂದ ಪೆನ್ನಿನಂಥ ಒಂದು ಚಿಕ್ಕ ಮೀಟರನ್ನು ತೆಗೆದು ತೋರಿಸಿದರು. ಅವರ ಹೊಲದ ಬಾವಿಗೂ ಕಲ್ಲಿನ ಗಣಿಗೂ ನಡುವೆ ಎರಡು ಹೊಲಗಳಷ್ಟೇ ಅಂತರ. "ಡಾಕ್ಟರ್ ಸಾಹೇಬ್ರ, ಮೀಟರಿನ್ಯಾಗ 280 ತೋರಸ್ತೈತ್ರಿ. ಕುಡೀಲಿಕ್ಕೆ ಅಡ್ಡಿ ಇಲ್ಲಲ್ರಿ?" ಎಂದು ಕೇಳಿದರು. ಅಡ್ಡಿಯಿಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಅಡ್ಡಿಯಿದೆಯೆಂದು ಹೇಳಲೂ ಆಧಾರವಿರಲಿಲ್ಲ. ಅಂದು ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಪೂರ್ಣಗೊಳಿಸುವ ಪ್ರಯತ್ನ ಮಾಡುತ್ತೇನೆ.

ಆ ಮೀಟರು ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಮಾತ್ರ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಕುಡಿಯುವ ನೀರಿನ ಮಾನಕದ ಪ್ರಕಾರ ಇದು ಲೀಟರಿಗೆ 500 ಮಿಲಿಗ್ರಾಂ ಒಳಗಿರುವುದು ಲೇಸು. ಆ ಲೆಕ್ಕದಲ್ಲಿ 280 ಒಳ್ಳೆಯ ಸಂಖ್ಯೆಯೇ. ಆದರೆ ಅದೇ ಮಾನಕವು ಆರ್ಸೆನಿಕ್ ಎಂಬ ವಿಷಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಒಂದು ಲಕ್ಷ ಲೀಟರ್ ನೀರಿನಲ್ಲಿ ಒಂದು ಗ್ರಾಂ ಕರಗಿದರೆ ಆಗುವಷ್ಟು. ಮಿತಿಗಿಂತ ಮೂವತ್ತು ಪಟ್ಟು ಆರ್ಸೆನಿಕ್ ಇರುವ ನೀರಿನಲ್ಲಿ ಕೂಡ ಆ ಮೀಟರಿನ ಸಂಖ್ಯೆ ಒಂದರಷ್ಟೂ ಏರುವುದಿಲ್ಲ. ಉಪ್ಪಿನ ಮೂಟೆಯನ್ನು ತೂಗುವ ತಕ್ಕಡಿಯಲ್ಲಿ ಸಾಸಿವೆಯ ಕಾಳನ್ನು ತೂಗಲು ಹೊರಟಂತೆ ಅದು.

ಇದು ಊಹೆಯ ಮಾತಲ್ಲ. ನಮ್ಮ ರಾಜ್ಯದಲ್ಲಿಯೇ ನಡೆದುದನ್ನು ಹೇಳುತ್ತೇನೆ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿಯಿದೆ. ಕರಾವಳಿಯ ಮಂಗಳೂರಲ್ಲ, ಹೆಸರು ಮಾತ್ರ ಒಂದೇ. ಅಲ್ಲಿಯ ನೆಲದಲ್ಲಿ ಚಿನ್ನದ ಅದಿರಿನ ಪಟ್ಟಿಯೊಂದು ಹಾದುಹೋಗಿದ್ದು, ಹಿಂದೆ ಅಲ್ಲಿ ಚಿನ್ನದ ಗಣಿಗಾರಿಕೆ ನಡೆದಿತ್ತು. ಗಣಿ ಮುಚ್ಚಿ ವರ್ಷಗಳೇ ಕಳೆದವು. ಅದರ ಸಮೀಪದ ಕಿರದಳ್ಳಿ ತಾಂಡಾದ ಜನ ಕೊಳವೆಬಾವಿಯ ನೀರನ್ನು ಕುಡಿಯುತ್ತಿದ್ದರು. ನೀರು ತಿಳಿಯಾಗಿತ್ತು, ರುಚಿಯಲ್ಲಿ ದೋಷವಿರಲಿಲ್ಲ. ಆದರೆ ಜನರ ಮೈಮೇಲೆ ಮಳೆಹನಿ ಬಿದ್ದ ಧೂಳಿನಂತೆ ಚುಕ್ಕೆಗಳು ಮೂಡಿದವು, ಅಂಗೈ ಅಂಗಾಲುಗಳ ಚರ್ಮ ದಪ್ಪವಾಗಿ ಗಂಟುಗಟ್ಟಿತು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶವನ್ನು ಅಭ್ಯಸಿಸಿ 2013ರಲ್ಲಿ ವರದಿಯನ್ನು ಪ್ರಕಟಿಸಿದರು. ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇಕಡಾ 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು. ಅತ್ಯಧಿಕವೆಂದರೆ 303 ಮೈಕ್ರೋಗ್ರಾಂ. ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಸಂಶಯ ಬಂದ ನಾಲ್ವರ ಚರ್ಮದ ತುಣುಕನ್ನು ಪರೀಕ್ಷಿಸಿದಾಗ ಮೂವರಲ್ಲಿ ಅದು ಆರ್ಸೆನಿಕ್ಕಿನಿಂದಾದ ಚರ್ಮರೋಗವೆಂದು ದೃಢಪಟ್ಟಿತು.

ಚಿನ್ನದ ಗಣಿಗೂ ಆರ್ಸೆನಿಕ್ಕಿಗೂ ಏನು ನಂಟು? ನಮ್ಮ ಹಿರಿಯರು ಪಾಷಾಣವೆಂದು ಕರೆದುದು ಈ ಧಾತುವಿನ ಸಂಯುಕ್ತಗಳನ್ನೇ. ಚಿನ್ನ ಇರುವ ಪುರಾತನ ಶಿಲೆಗಳಲ್ಲಿ ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜವು ಚಿನ್ನದ ಜೊತೆಗಾರನಾಗಿ ಇರುತ್ತದೆ. ನೆಲದಾಳದ ಬಂಡೆಯಲ್ಲಿ ಅಡಗಿದ್ದಾಗ ಅದು ಬಹುಮಟ್ಟಿಗೆ ನಿರುಪದ್ರವಿ. ಬಂಡೆಯನ್ನು ಸಿಡಿಸಿ, ಮೇಲೆ ತಂದು, ಹಿಟ್ಟಿನಂತೆ ಅರೆದು, ಚಿನ್ನವನ್ನು ತೆಗೆದುಕೊಂಡು ಉಳಿದ ಪುಡಿಯನ್ನು ಗುಡ್ಡೆ ಹಾಕಿದಾಗ ಗಾಳಿಯೂ ಮಳೆನೀರೂ ಅದನ್ನು ಮುಟ್ಟುತ್ತವೆ. ಖನಿಜವು ನಿಧಾನವಾಗಿ ಒಡೆದು ಆರ್ಸೆನಿಕ್ ಕರಗತೊಡಗುತ್ತದೆ. ಅಂಥ ಶಿಲೆಗಳಿರುವೆಡೆ ಗಣಿಯಿಲ್ಲದಿದ್ದರೂ ಅಂತರ್ಜಲದಲ್ಲಿ ಒಂದಿಷ್ಟು ಆರ್ಸೆನಿಕ್ ಇರಬಹುದೆಂಬುದನ್ನೂ ಮರೆಯಬಾರದು. ಎಷ್ಟು ಪಾಲು ನೆಲದ ಸಹಜಗುಣ, ಎಷ್ಟು ಪಾಲು ಗಣಿಯ ಕೊಡುಗೆ ಎಂಬುದನ್ನು ಬೇರ್ಪಡಿಸಲು ಗಣಿ ತೊಡಗುವ ಮುನ್ನಿನ ಲೆಕ್ಕ ಬೇಕಾಗುತ್ತದೆ. ಅದಿಲ್ಲದ ಕಡೆ ಆಮೇಲೆ ವಾದವಷ್ಟೇ ಉಳಿಯುತ್ತದೆ.

ಚಿನ್ನದ ಗಣಿಯೆಂದೊಡನೆ ಜನರಿಗೆ ನೆನಪಾಗುವುದು ಸೈನೈಡ್. 2001ರ ಫೆಬ್ರುವರಿ 28ರಂದು ಮುಚ್ಚಿದ ಕೋಲಾರ ಚಿನ್ನದ ಗಣಿಯ ಬಿಳಿ ದಿಬ್ಬಗಳನ್ನು ಇಂದಿಗೂ ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಸೈನೈಡ್ ಭಯಂಕರ ವಿಷವೆಂಬುದು ನಿಜ. ಆದರೆ ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡಾಗ ಅದು ಕಾಲಕ್ರಮದಲ್ಲಿ ವಿಘಟನೆ ಹೊಂದುತ್ತದೆ. ಆರ್ಸೆನಿಕ್ ಧಾತುವಾದ್ದರಿಂದ ಅದಕ್ಕೆ ವಿಘಟನೆಯೆಂಬುದಿಲ್ಲ. ನೂರು ವರ್ಷವಾದರೂ ಅದು ಅದೇ. ಹೆಸರು ಕೇಳಿದರೇ ಅಂಜುವ ವಿಷಕ್ಕಿಂತ ಹೆಸರೇ ಕೇಳದ ವಿಷ ಹೆಚ್ಚು ಕಾಲ ನಿಲ್ಲುತ್ತದೆ.

ವೈದ್ಯನಾಗಿ ಇಲ್ಲಿ ಎರಡು ಮಾತು ಹೇಳಬೇಕು. ಮೊದಲನೆಯದು, ಆರ್ಸೆನಿಕ್ ಇರುವ ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚೇ ಆಗುತ್ತದೆ. ಕುದಿಸಿ ಕುಡಿಯಿರೆಂದು ನಾವು ವೈದ್ಯರು ಎಲ್ಲದಕ್ಕೂ ಹೇಳುವ ಸಲಹೆ ರೋಗಾಣುಗಳಿಗೆ ಮಾತ್ರ ಸಲ್ಲುತ್ತದೆ. ಎರಡನೆಯದು, ರೋಗಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದು ವರ್ಷಗಳಾದರೂ ಬೇಕು, ಕ್ಯಾನ್ಸರಿಗೆ ಇನ್ನೂ ಹೆಚ್ಚು. ಆದುದರಿಂದ ಜನರ ಮೈಮೇಲೆ ಗುರುತು ಕಾಣಿಸಿದ ಮೇಲೆ ನೀರನ್ನು ಪರೀಕ್ಷಿಸುವುದೆಂದರೆ ಐದಾರು ವರ್ಷ ತಡವಾಗಿ ಪರೀಕ್ಷಿಸಿದಂತೆ. ಮೂತ್ರ ಪರೀಕ್ಷೆಯು ಕಳೆದ ಕೆಲವು ದಿನಗಳಲ್ಲಿ ದೇಹ ಸೇರಿದ ಆರ್ಸೆನಿಕ್ಕನ್ನು ತೋರಿಸಿದರೆ, ಕೂದಲು ಮತ್ತು ಉಗುರು ಹಿಂದಿನ ತಿಂಗಳುಗಳ ಕಥೆಯನ್ನು ಹೇಳುತ್ತವೆ. ಇದಕ್ಕೆ ರಾಮಬಾಣವೆಂಬ ಔಷಧವಿಲ್ಲ. ಆ ನೀರನ್ನು ಬಿಡುವುದು, ಪೌಷ್ಟಿಕ ಆಹಾರ, ಚರ್ಮತಜ್ಞರ ನಿಯತ ತಪಾಸಣೆ ಇವಿಷ್ಟೇ ಚಿಕಿತ್ಸೆ.

ಇನ್ನು ನಮ್ಮ ಸೀಮೆಯ ಮಾತು. ಇಷ್ಟು ಓದಿ ಕರೋಶಿ, ಚಿಕ್ಕೋಡಿಯ ಭಕ್ತರು ಗಾಬರಿಗೊಳ್ಳಬೇಕಾಗಿಲ್ಲ. ಸುರಪುರದ ಆ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ನಮ್ಮ ಕಾಲ ಕೆಳಗಿರುವ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸ. ಎರಡರ ಹುಟ್ಟೂ ಬೇರೆ, ಒಡಲೂ ಬೇರೆ. ಚಿನ್ನದ ಪಟ್ಟಿಯ ಪಾಷಾಣವನ್ನು ಈ ಕಲ್ಲಿನಲ್ಲಿ ನಿರೀಕ್ಷಿಸಲು ಕಾರಣವಿಲ್ಲ. ಆದರೆ ಕಲ್ಲಿನ ಗಣಿಯ ಬಳಿ ಬೇರೆಯೇ ವಿಷಯಗಳನ್ನು ಗಮನಿಸಬೇಕಾಗುತ್ತದೆ, ಅವುಗಳಲ್ಲಿ ಮುಖ್ಯವಾದುದು ನೈಟ್ರೇಟ್.

ಬಂಡೆ ಸಿಡಿಸಲು ಬಳಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಪ್ರಧಾನ. ಸಿಡಿಯದೆ ಉಳಿದ ಪುಡಿ, ಕೆಳಗೆ ಚೆಲ್ಲಿದ ಪುಡಿ ಮಳೆಗೆ ಕರಗಿ ಬಿರುಕುಗಳಲ್ಲಿಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಾದ ನೀರಿನಲ್ಲಿ ಪುಡಿಹಾಲು ಕಲೆಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು, ತುಟಿ ಉಗುರುಗಳು ನೀಲಿಗಟ್ಟುತ್ತವೆ. ಆದರೆ ನೈಟ್ರೇಟ್ ಕಂಡುಬಂದೊಡನೆ ಗಣಿಯವರ ಮೇಲೆ ಬೆರಳು ತೋರಿಸುವುದೂ ನ್ಯಾಯವಲ್ಲ. ಕಬ್ಬಿಗೆ ನಾವೇ ಚೀಲಗಟ್ಟಲೆ ಯೂರಿಯಾ ಹಾಕುತ್ತೇವೆ. ತಿಪ್ಪೆಗುಂಡಿ, ಶೌಚಗುಂಡಿಗಳಿಂದಲೂ ಅದೇ ನೈಟ್ರೇಟ್ ಇಳಿಯುತ್ತದೆ. ಯಾವುದು ಯಾರದೆಂದು ಹೇಗೆ ತಿಳಿಯುವುದು? ನೀರಿನ ನಿಗಾ ಎಂಬ ಶಾಸ್ತ್ರದ ತಿರುಳೇ ಈ ಪ್ರಶ್ನೆ.

ಒಂದು ಬಾವಿಯ ಒಂದು ಬಾಟಲಿ ನೀರಿನಿಂದ ಉತ್ತರ ಸಿಗದು. ಗಣಿಗಿಂತ ಎತ್ತರದಲ್ಲಿ, ಅಂದರೆ ನೆಲದಡಿಯ ನೀರು ಎಲ್ಲಿಂದ ಹರಿದು ಬರುತ್ತದೋ ಆ ಕಡೆಯ ಒಂದು ಬಾವಿ, ಗಣಿಯ ಕೆಳಭಾಗದ ಎರಡು ಮೂರು ಬಾವಿಗಳು, ಗಣಿಯಿಂದ ದೂರದ ಕಬ್ಬಿನ ತೋಟದ ನಡುವಿನ ಒಂದು ಬಾವಿ, ಹಳ್ಳದ ನೀರು ಗಣಿಗೆ ಮುಂಚೆ ಮತ್ತು ಗಣಿಯನ್ನು ದಾಟಿದ ಮೇಲೆ ಹೀಗೆ ಹಲವು ಕಡೆ ಒಂದೇ ದಿನ ಮಾದರಿ ತೆಗೆಯಬೇಕು. ಮೇಲಿನ ಬಾವಿಯಲ್ಲಿ ಕಡಿಮೆ, ಕೆಳಗಿನದರಲ್ಲಿ ಹೆಚ್ಚು, ದೂರದ ತೋಟದಲ್ಲಿಯೂ ಕಡಿಮೆಯೆಂದಾದರೆ ಸಂಶಯವು ಗಣಿಯ ಕಡೆ ತಿರುಗುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿದ್ದರೆ ಗೊಬ್ಬರವನ್ನು ನೆನೆಯಬೇಕು. ನೈಟ್ರೇಟಿನ ಜೊತೆಗೆ ಕ್ಲೋರೈಡೂ ಏರಿದ್ದರೆ ಶೌಚಗುಂಡಿಯ ಕಡೆ ನೋಡಬೇಕು, ಮನುಷ್ಯ ಮತ್ತು ದನಕರುಗಳ ಮಲಮೂತ್ರದಲ್ಲಿ ಉಪ್ಪು ಇದ್ದೇ ಇರುತ್ತದೆ.

ಕಾಲವೂ ಮುಖ್ಯ. ಕೇಂದ್ರ ಪರಿಸರ ಸಚಿವಾಲಯವು ದೊಡ್ಡ ಗಣಿಗಳಿಗೆ ಕೊಡುವ ಪರಿಸರ ಅನುಮತಿಯಲ್ಲಿ ಒಂದು ಷರತ್ತು ಸಾಮಾನ್ಯವಾಗಿ ಇರುತ್ತದೆ. ಗಣಿಯ ಒಳಗೂ ಸುತ್ತಲೂ ಇರುವ ಬಾವಿಗಳನ್ನೂ ಹೊಸದಾಗಿ ಕೊರೆದ ವೀಕ್ಷಣಾ ಕೊಳವೆಗಳನ್ನೂ ಆರಿಸಿಕೊಂಡು ಅಂತರ್ಜಲದ ಮಟ್ಟ ಮತ್ತು ಗುಣ ಎರಡನ್ನೂ ವರ್ಷಕ್ಕೆ ನಾಲ್ಕು ಬಾರಿ ಅಳೆಯಬೇಕೆಂಬುದು ಅದು: ಮಳೆಗಾಲಕ್ಕೆ ಮುನ್ನ ಏಪ್ರಿಲ್-ಮೇ, ಮಳೆಗಾಲದ ಆಗಸ್ಟ್, ಮಳೆ ನಿಂತ ಮೇಲೆ ನವೆಂಬರ್, ಚಳಿಗಾಲದ ಜನವರಿ. ಬೇಸಿಗೆಯಲ್ಲಿ ನೀರು ಇಳಿದು ಲವಣಗಳು ಸಾಂದ್ರವಾಗುತ್ತವೆ. ಮೊದಲ ಮಳೆಗಳು ಗುಡ್ಡೆಗಳನ್ನು ತೊಳೆದು ಕೆಳಗಿಳಿಸುತ್ತವೆ. ಜನವರಿಯ ಒಂದೇ ಮಾದರಿಯನ್ನು ನೋಡಿ ನೀರು ಶುದ್ಧವೆಂದು ಬರೆದುಕೊಡುವುದು, ಜ್ವರ ಬಿಟ್ಟಿರುವ ಹೊತ್ತಿನಲ್ಲಿ ನಾಡಿ ನೋಡಿ ರೋಗವಿಲ್ಲವೆಂದಂತೆ.

ಹರಿಯುವ ನೀರಿನಲ್ಲಿ ಇದು ಇನ್ನೂ ಸ್ಪಷ್ಟ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿ ದಶಕಗಳ ಕಾಲ ನಡೆದು, ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ತೊಳೆದ ಕೆಸರನ್ನು ಹಿಡಿದಿಡಲು ಅಲ್ಲಿ ಲಕ್ಯಾ ಅಣೆಕಟ್ಟನ್ನೇ ಕಟ್ಟಿದ್ದರು. ಅಂಥ ಮಳೆನಾಡಿನಲ್ಲಿ ನದಿಯು ವರ್ಷವಿಡೀ ಹೊರುವ ಹೂಳಿನ ಬಹುಪಾಲು ಕೆಲವೇ ಬಿರುಮಳೆಯ ದಿನಗಳಲ್ಲಿ ಹರಿದುಹೋಗುತ್ತದೆ. ತಿಂಗಳಿಗೊಮ್ಮೆ ಬಿಸಿಲು ನೋಡಿಕೊಂಡು ನದಿಗಿಳಿದು ಬಾಟಲಿ ತುಂಬುವವನಿಗೆ ಆ ದಿನಗಳು ಸಿಕ್ಕುವುದೇ ಇಲ್ಲ. ಕೆಸರು ಬರಿಯ ನೋಟದ ದೋಷವೂ ಅಲ್ಲ. ಕಲಕಿದ ನೀರಿನಲ್ಲಿ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಉಳಿದುಕೊಳ್ಳುವುದರಿಂದ ಬ್ಲೀಚಿಂಗ್ ಪುಡಿಯ ಕೆಲಸ ಅರೆಬರೆಯಾಗುತ್ತದೆ. ಮಳೆಗಾಲದ ವಾಂತಿಭೇದಿಗೂ ಮೇಲ್ಭಾಗದ ಗುಡ್ಡದಲ್ಲಿ ಸಡಿಲಾದ ಮಣ್ಣಿಗೂ ಹೀಗೊಂದು ಸಂಬಂಧವಿದೆ.

ಮಾದರಿ ತೆಗೆಯುವುದು ಸುಲಭದ ಕೆಲಸವೆಂದು ನಾನೂ ತಿಳಿದಿದ್ದೆ. ಹಿಂದೊಮ್ಮೆ ತಂಪು ಪಾನೀಯದ ಖಾಲಿ ಬಾಟಲಿಯನ್ನು ತೊಳೆದು ನೀರು ತುಂಬಿ, ಎರಡು ದಿನ ಮನೆಯಲ್ಲಿಟ್ಟು, ಆಮೇಲೆ ಪ್ರಯೋಗಾಲಯಕ್ಕೆ ಒಯ್ದಿದ್ದೆ. ಅಲ್ಲಿಯ ಹುಡುಗಿ ನಗದೆ, ಬಹಳ ಸೌಜನ್ಯದಿಂದ ಅದನ್ನು ಹಿಂದಿರುಗಿಸಿದಳು. ಆಕೆ ತಿಳಿಸಿದ್ದನ್ನೂ ಅನಂತರ ಓದಿ ತಿಳಿದುದನ್ನೂ ಸೇರಿಸಿ ಹೇಳುತ್ತೇನೆ. ಕೊಳವೆಬಾವಿಯಾದರೆ ಪೈಪಿನಲ್ಲಿ ನಿಂತ ಹಳೆಯ ನೀರು ಹೋಗುವವರೆಗೆ ಪಂಪು ನಡೆಸಿ ಆಮೇಲೆ ಹಿಡಿಯಬೇಕು. ಹಳ್ಳವಾದರೆ ದಂಡೆಯ ನಿಂತ ನೀರಲ್ಲ, ಹರಿವಿಗೆ ಎದುರಾಗಿ ನಿಂತು ಮೇಲ್ಮೈಗಿಂತ ತುಸು ಕೆಳಗಿನಿಂದ. ಆಮ್ಲೀಯತೆಯನ್ನು ಹೇಳುವ ಪಿಎಚ್, ಉಷ್ಣತೆ, ಕರಗಿದ ಆಮ್ಲಜನಕ ಇವು ದಾರಿಯಲ್ಲಿಯೇ ಬದಲಾಗುವುದರಿಂದ ಸ್ಥಳದಲ್ಲಿಯೇ ಅಳೆಯಬೇಕು. ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ, ಅದಕ್ಕೆ ಪ್ರಯೋಗಾಲಯದವರೇ ಕೆಲವು ಹನಿ ನೈಟ್ರಿಕ್ ಆಮ್ಲವನ್ನು ಹಾಕಿರುತ್ತಾರೆ. ಇಲ್ಲದಿದ್ದರೆ ಲೋಹವು ಬಾಟಲಿಯ ಗೋಡೆಗೆ ಅಂಟಿಕೊಂಡು, ನೀರು ಇದ್ದುದಕ್ಕಿಂತ ಶುದ್ಧವೆಂಬ ಸುಳ್ಳು ವರದಿ ಬರುತ್ತದೆ. ಅದೇ ಬಾಟಲಿಯಲ್ಲಿ ನೈಟ್ರೇಟ್ ಪರೀಕ್ಷಿಸಲಾಗದು, ಆಮ್ಲವೇ ನೈಟ್ರೇಟನ್ನು ಕೂಡಿಸಿಬಿಡುತ್ತದೆ. ರೋಗಾಣು ಪರೀಕ್ಷೆಯ ಬಾಟಲಿ ಕ್ರಿಮಿಶುದ್ಧವಾಗಿರಬೇಕು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಶ್ರದ್ಧೆಯುಳ್ಳವರು ಶುದ್ಧಜಲ ತುಂಬಿದ ಇನ್ನೊಂದು ಬಾಟಲಿಯನ್ನೂ ಜೊತೆಗೆ ಒಯ್ದು ತರುತ್ತಾರೆ. ಅದರಲ್ಲಿಯೂ ದೋಷ ಕಂಡರೆ ದೋಷವಿರುವುದು ಬಾವಿಯಲ್ಲಲ್ಲ, ಕೆಲಸದಲ್ಲಿ.

ಊರಿನಲ್ಲಿ ಈಗ ಲಭ್ಯವಿರುವ ಸೌಲಭ್ಯವನ್ನು ಬಳಸಿಕೊಳ್ಳಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಯೋಜನೆಯಡಿ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ರೋಗಾಣು ಇವುಗಳ ಅಂದಾಜು ಅದರಲ್ಲಿ ಸಿಗುತ್ತದೆ. ನಮ್ಮ ಅಕ್ಕ-ತಂಗಿಯರು ಈ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆಂಬುದನ್ನು ನಾನು ಕಂಡಿದ್ದೇನೆ. ಆದರೆ ಸಾಮಾನ್ಯ ಕಿಟ್‌ನಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ ಮುಂತಾದವು ತಿಳಿಯುವುದಿಲ್ಲ, ಅವಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ವರದಿಯಲ್ಲಿ 'ಕುಡಿಯಲು ಯೋಗ್ಯ' ಎಂಬ ಮುದ್ರೆಯನ್ನು ಕಂಡಾಗ, ಯಾವ ಯಾವ ಅಂಶಗಳನ್ನು ಪರೀಕ್ಷಿಸಿ ಆ ಮುದ್ರೆ ಒತ್ತಿದ್ದಾರೆಂಬುದನ್ನು ಮೊದಲು ಓದಿ. ಪರೀಕ್ಷಿಸದಿರುವುದು ಇಲ್ಲವೆಂದು ಅರ್ಥವಲ್ಲ.

ಗಣಿಯವರಿಂದ ಕೇಳಿ ಪಡೆಯಬೇಕಾದುದೂ ಇದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದವರು ಷರತ್ತುಗಳ ಪಾಲನಾ ವರದಿಯನ್ನು ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಆ ವರದಿಗಳು ಸಾರ್ವಜನಿಕ ದಾಖಲೆಗಳು, ಅರ್ಜಿ ಕೊಟ್ಟವರಿಗೆ ಪ್ರತಿ ಕೊಡಬೇಕು. ಐದು ಹೆಕ್ಟೇರಿಗಿಂತ ಚಿಕ್ಕದಾದ ಕಲ್ಲು, ಮರಳು ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಅಲ್ಲದೆ 2015ರ ಖನಿಜ ಕಾಯಿದೆಯ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ವಿನಿಯೋಗಿಸುವಲ್ಲಿ ಕುಡಿಯುವ ನೀರು ಮೊದಲ ಆದ್ಯತೆಗಳಲ್ಲಿ ಒಂದು. ಗ್ರಾಮಸಭೆಯಲ್ಲಿ ಚರಂಡಿ, ರಸ್ತೆಗಳ ಮಾತು ಮುಗಿದ ಮೇಲಾದರೂ ಇದನ್ನೆತ್ತಬಹುದು.

ಮೀಟರು ತಂದಿದ್ದ ಆ ಭಕ್ತರಿಗೆ ಕೊನೆಗೆ ನಾನು ಹೇಳಿ ಕಳುಹಿಸಿದ್ದು ಇಷ್ಟು. ಮನೆಯಲ್ಲಿ ಸಣ್ಣ ಮೊಮ್ಮಗುವಿದೆಯಂತೆ, ನೈಟ್ರೇಟಿನ ವರದಿ ಬರುವವರೆಗೆ ಕೂಸಿನ ಹಾಲಿಗೆ ಆ ಬಾವಿಯ ನೀರು ಬೇಡ. ಬಾವಿಯ ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ನೀರಿನವರೆಗಿನ ಆಳವನ್ನು ಪ್ರತಿ ಅಮಾವಾಸ್ಯೆಗೆ ಹಗ್ಗ ಬಿಟ್ಟು ಅಳೆದು ಬರೆದಿಡಿ. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದು ಅಲ್ಲಿಯ ನೀರನ್ನು ಹೊರಹಾಕತೊಡಗಿದರೆ, ನೆರೆಯ ಬಾವಿಗಳಲ್ಲಿ ನೀರಿನ ಗುಣ ಕೆಡುವ ಮುನ್ನವೇ ಮಟ್ಟ ಇಳಿಯಬಹುದು. ಅವರು ಹಳೆಯ ಪಂಚಾಂಗದ ಹಿಂಬದಿಯ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದಾರೆ. ಮೊನ್ನೆ ತಂದು ತೋರಿಸಿದರು, ನಾಲ್ಕು ಅಮಾವಾಸ್ಯೆಗಳ ಲೆಕ್ಕ ಅದರಲ್ಲಿತ್ತು. ಮಗ್ಗುಲಲ್ಲಿಯೇ ನೈಟ್ರೇಟಿನ ಸಂಖ್ಯೆಯೂ ಇತ್ತು, 38. ಮಿತಿಯ ಒಳಗೇ ಇದೆ, ಆದರೆ ಇದು ಬೇಸಿಗೆಯ ನೀರು. ಆಗಸ್ಟಿನಲ್ಲಿ ಇನ್ನೊಮ್ಮೆ ತೆಗೆಯಬೇಕೆಂದು, ಮೇಲಿನ ಹೊಲದ ಬಾವಿಯದನ್ನೂ ಅಂದೇ ತೆಗೆಯಬೇಕೆಂದು ಮಾತಾಯಿತು.